3.08ರಿಂದ 3.73ಕ್ಕೆ: ಒಂದು ಪಿಕಪ್ ಟ್ರಕ್‌ನ ಆಕ್ಸಲ್ ಅನುಪಾತ ಆಯ್ಕೆಯ ಪ್ರಕರಣ ಅಧ್ಯಯನ

ಟ್ರಕ್‌ನ ಮಾಲೀಕರು ನನ್ನ ಬಳಿಗೆ ಬರುವ ಹೊತ್ತಿಗೆ ತೀರ್ಮಾನ ಮಾಡಿಕೊಂಡೇ ಬಂದಿದ್ದರು. ಹಿಂದಿನ ಮತ್ತು ಮುಂದಿನ ಆಕ್ಸಲ್‌ಗಳೆರಡಕ್ಕೂ 4.10 ಅನುಪಾತದ, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ ಕಡೆಯಿಂದ ಬರುವ ಶಾಫ್ಟ್ 4.10 ಸುತ್ತು ತಿರುಗುವಂಥ, ಕ್ರೌನ್ ವೀಲ್ (ದೊಡ್ಡ ಹಲ್ಲುಗಾಲಿ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಹಲ್ಲುಗಾಲಿ) ಹಾಕಿಸಬೇಕು, ಏಕೆಂದರೆ ಟ್ರೈಲರ್ ಕಟ್ಟಿಕೊಂಡು ಏರು ಹತ್ತುವಾಗ ಗಾಡಿಗೆ ಬಲ ಸಾಲುತ್ತಿಲ್ಲ ಎಂಬುದು ಅವರ ಮಾತು. “ನಂಬರ್ ದೊಡ್ಡದಾದಷ್ಟೂ ಎಳೆಯುವ ಶಕ್ತಿ ಜಾಸ್ತಿ, ಅಲ್ಲವೇ?” ಎಂದು ಕೇಳಿದರು. ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿಯದೆ ಖರ್ಚು ಮಾಡಿ, ಆಮೇಲೆ ಖಾಲಿ ಗಾಡಿ ಓಡಿಸುವಾಗಲೆಲ್ಲ ಎಂಜಿನ್ ಸದ್ದಿಗೆ ಬೇಸರಪಟ್ಟವರನ್ನು ನಾನು ಕಂಡಿದ್ದೇನೆ. ಆದ್ದರಿಂದ ಸಾಮಾನು ತರಿಸುವ ಮೊದಲು ಲೆಕ್ಕ ಹಾಕೋಣ ಎಂದು ಅವರನ್ನು ಒಪ್ಪಿಸಿದೆ. ಆ ಲೆಕ್ಕ ಎಲ್ಲಿಗೆ ತಂದು ನಿಲ್ಲಿಸಿತು, ಕೆಲಸ ಹೇಗೆ ನಡೆಯಿತು ಎಂಬುದರ ಪೂರ್ಣ ವಿವರ ಇಲ್ಲಿದೆ.

ವಾಹನ ನಾಲ್ಕು ಚಕ್ರಗಳಿಗೂ ಚಾಲನೆ ಕೊಡಬಲ್ಲ ಪಿಕಪ್. ಅದರಲ್ಲಿರುವುದು 5.3 ಲೀಟರ್‌ನ ವಿ8 ಪೆಟ್ರೋಲ್ ಎಂಜಿನ್. ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 4100 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) 519 ನ್ಯೂಟನ್ ಮೀಟರ್. ಗೇರ್ ಬಾಕ್ಸ್ ಆರು ವೇಗಗಳ ಆಟೋಮ್ಯಾಟಿಕ್. ಅದರ ಅನುಪಾತಗಳು ಒಂದನೆಯದರಿಂದ ಆರನೆಯದರವರೆಗೆ 4.03, 2.36, 1.53, 1.15, 0.85 ಮತ್ತು 0.67. ಕಾರ್ಖಾನೆಯಿಂದ ಬಂದಾಗ 255/70 ಆರ್17 ಅಳತೆಯ ಟೈರ್‌ಗಳಿದ್ದವು. ಮಾಲೀಕರು ಅವನ್ನು ತೆಗೆದು 285/70 ಆರ್17 ಹಾಕಿಸಿದ್ದರು. ಅವರು ಎಳೆಯುವುದು ಮರಗೆಲಸದ ಯಂತ್ರಗಳನ್ನು ತುಂಬಿದ ಮುಚ್ಚಿದ ಟ್ರೈಲರ್. ತುಂಬಿದಾಗ ಅದರ ತೂಕ 2,600 ಕಿಲೋ. ಟ್ರಕ್ 2,450 ಕಿಲೋ, ಒಳಗಿನ ಜನ ಮತ್ತು ಸಾಮಾನು ಸೇರಿ 350 ಕಿಲೋ ಎಂದರೆ ಒಟ್ಟು 5,400 ಕಿಲೋ. ಆದರೆ ವರ್ಷದ ಓಟದ ಬಹುಪಾಲು ಟ್ರೈಲರ್ ಇಲ್ಲದೆ, ಗಂಟೆಗೆ 100 ಕಿಲೋಮೀಟರ್ ಆಸುಪಾಸಿನ ಹೆದ್ದಾರಿ ಓಟ. ಈ ಕೊನೆಯ ಸಂಗತಿಯನ್ನು ಅವರು ತಾವಾಗಿ ಹೇಳಲಿಲ್ಲ, ನಾನು ಕೇಳಿದ ಮೇಲೆ ಹೇಳಿದರು. ನನ್ನ ಮಟ್ಟಿಗೆ ಅನುಪಾತದ ಆಯ್ಕೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ದೂರು ಏನೆಂಬುದನ್ನು ಬಿಡಿಬಿಡಿಯಾಗಿ ಕೇಳಿಸಿಕೊಂಡೆ. ನೂರು ಮೀಟರ್ ಸಾಗಿದರೆ ಆರು ಮೀಟರ್ ಮೇಲೇರುವಂಥ, ಅಂದರೆ ಶೇ. 6ರ ಏರಿನ ಉದ್ದನೆಯ ದಾರಿ ಅವರ ಮಾಮೂಲು ಮಾರ್ಗದಲ್ಲಿದೆ. ಅದರ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಬುಡದಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಮೂರನೇ ಗೇರ್ ಹೇಗೋ ನಿಲ್ಲುತ್ತದೆ. ಮೇಲೇರಿದಂತೆ ವೇಗ ಮೆಲ್ಲನೆ ಕುಸಿಯುತ್ತದೆ, ಗೇರ್ ಬಾಕ್ಸ್ ಥಟ್ಟನೆ ಎರಡಕ್ಕೆ ಇಳಿಯುತ್ತದೆ, ಎಂಜಿನ್ 3,800ರ ಹತ್ತಿರ ಅರಚತೊಡಗುತ್ತದೆ, ವೇಗ ಮರಳುತ್ತಲೇ ಮತ್ತೆ ಮೂರಕ್ಕೆ ಏರುತ್ತದೆ, ಮತ್ತೆ ಕುಸಿಯುತ್ತದೆ. ನೆತ್ತಿ ತಲುಪುವವರೆಗೂ ಇದೇ ಓಲಾಟ. ಒಮ್ಮೆ ಅವರ ಜೊತೆಯಲ್ಲಿ ಕುಳಿತು ಹೋಗಿ ನೋಡಿದೆ. ಬುಡದಲ್ಲಿ 88 ಡಿಗ್ರಿ ಇದ್ದ ಗೇರ್ ಬಾಕ್ಸ್ ಎಣ್ಣೆಯ ಉಷ್ಣತೆ ನೆತ್ತಿಯಲ್ಲಿ 117ಕ್ಕೆ ಮುಟ್ಟಿತ್ತು. ಗೇರ್ ಬದಲಾಗುವ ಪ್ರತಿ ಸಲವೂ ಟಾರ್ಕ್ ಕನ್ವರ್ಟರ್‌ನ (ಎಂಜಿನ್ ಮತ್ತು ಗೇರ್ ಬಾಕ್ಸ್ ನಡುವಿನ ಎಣ್ಣೆ ತುಂಬಿದ ಜೋಡಣೆ) ಲಾಕ್ ಬಿಟ್ಟು ಹಿಡಿಯುತ್ತಿತ್ತು, ಕ್ಲಚ್‌ಗಳು ಜಾರಿ ಕಚ್ಚುತ್ತಿದ್ದವು. ಬಿಸಿ ಹುಟ್ಟುತ್ತಿದ್ದುದು ಅಲ್ಲಿ. ಎಂಜಿನ್ ಸದ್ದಿನ ಬಗ್ಗೆ ನನಗೆ ಚಿಂತೆಯಿರಲಿಲ್ಲ. 3,800 ಆರ್‌ಪಿಎಂ ಆ ಎಂಜಿನ್‌ಗೆ ಹೊರೆಯಲ್ಲ. ಚಿಂತೆ ಇದ್ದದ್ದು ಓಲಾಟದ ಬಗ್ಗೆ.

ಇರುವುದು ಯಾವ ಅನುಪಾತ?

ಗಾಡಿಯನ್ನು ಇವರಿಗೆ ಮಾರಿದವರು ಆಕ್ಸಲ್ 3.42ರದ್ದು ಎಂದು ಹೇಳಿದ್ದರಂತೆ. ಆಕ್ಸಲ್ ಹೌಸಿಂಗ್‌ನ ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿರುತ್ತಿದ್ದ, ಅನುಪಾತ ಕೊರೆದ ಲೋಹದ ಬಿಲ್ಲೆ ಇರಲಿಲ್ಲ. ಅನುಪಾತವನ್ನು ಕೇಳಿ ನಂಬಬಾರದು, ಎಣಿಸಿ ನಂಬಬೇಕು. ಮುಂದಿನ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಹಿಂಭಾಗವನ್ನು ಎತ್ತಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಗೇರ್ ಬಾಕ್ಸ್ ಕಡೆಯಿಂದ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಮೇಲೆ ಮತ್ತು ಒಂದು ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದೆವು. ಎರಡೂ ಹಿಂಚಕ್ರಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿದಾಗ ಶಾಫ್ಟ್ ಎಷ್ಟು ಸುತ್ತು ತಿರುಗುತ್ತದೆಯೋ ಅದೇ ಅನುಪಾತ. ಒಂದೇ ಸುತ್ತಿಗೆ ನೋಡಿದರೆ ಮೂರು ಚಿಲ್ಲರೆ ಎಂದಷ್ಟೇ ಗೊತ್ತಾಗುತ್ತದೆ, 3.08ಕ್ಕೂ 3.23ಕ್ಕೂ ವ್ಯತ್ಯಾಸ ಕಣ್ಣಿಗೆ ಹಿಡಿಯುವುದಿಲ್ಲ. ಹಾಗಾಗಿ ಹತ್ತು ಸುತ್ತು ತಿರುಗಿಸಿದೆವು. ಶಾಫ್ಟಿನ ಗೀಟು ಮೂವತ್ತು ಸಲ ಕೆಳಗೆ ಬಂದು ಹೋಗಿ, ಮೂವತ್ತೊಂದನೆಯ ಸುತ್ತು ಮುಗಿಯಲು ಕಾಲುಭಾಗಕ್ಕೂ ಕಡಿಮೆ ಉಳಿದಿರುವಾಗ ಟೈರಿನ ಹತ್ತನೇ ಸುತ್ತು ಮುಗಿಯಿತು. 3.42 ಆಗಿದ್ದರೆ ಮೂವತ್ತನಾಲ್ಕು ದಾಟಬೇಕಿತ್ತು. ಇದು 3.08. ಮುಂದೆ ಮುಚ್ಚಳ ಬಿಚ್ಚಿದಾಗ ಕ್ರೌನ್ ವೀಲ್‌ಗೆ 40 ಹಲ್ಲು, ಪಿನಿಯನ್‌ಗೆ 13 ಹಲ್ಲು ಇದ್ದುದೂ ಇದನ್ನೇ ಹೇಳಿತು: 40ನ್ನು 13ರಿಂದ ಭಾಗಿಸಿದರೆ 3.077.

ಅನುಪಾತಗಳು 3.08, 3.42, 3.73 ಎಂದು ಹೀಗೆ ಚಿಲ್ಲರೆಯಾಗಿಯೇ ಇರುವುದೇಕೆ ಎಂದು ಮಾಲೀಕರು ಕೇಳಿದರು, ಒಳ್ಳೆಯ ಪ್ರಶ್ನೆ. 3.42 ಎಂದರೆ 41ಕ್ಕೆ 12, 3.73 ಎಂದರೆ 41ಕ್ಕೆ 11, 4.10 ಎಂದರೆ 41ಕ್ಕೆ 10. ಈ ಜೋಡಿಗಳಲ್ಲಿ ಎರಡು ಸಂಖ್ಯೆಗಳಿಗೂ ಸಾಮಾನ್ಯ ಅಪವರ್ತನವಿಲ್ಲ. ಆದ್ದರಿಂದ ಪಿನಿಯನ್‌ನ ಪ್ರತಿಯೊಂದು ಹಲ್ಲೂ ಕಾಲಕ್ರಮದಲ್ಲಿ ಕ್ರೌನ್ ವೀಲ್‌ನ ಪ್ರತಿಯೊಂದು ಹಲ್ಲನ್ನೂ ಸಂಧಿಸುತ್ತದೆ, ಸವೆತ ಎಲ್ಲ ಹಲ್ಲುಗಳಿಗೂ ಸಮವಾಗಿ ಹಂಚಿಹೋಗುತ್ತದೆ. 40ಕ್ಕೆ 10 ಇಟ್ಟು ನಾಲ್ಕು ಎಂಬ ಪೂರ್ಣಸಂಖ್ಯೆ ಮಾಡಿದರೆ ಅವೇ ಹಲ್ಲುಗಳು ಮತ್ತೆ ಮತ್ತೆ ಅವೇ ಹಲ್ಲುಗಳಿಗೆ ತಾಕುತ್ತಿರುತ್ತವೆ.

ಟೈರು ಕದ್ದ ಪಾಲು

255/70 ಆರ್17 ಟೈರಿನ ವ್ಯಾಸ 789 ಮಿಲಿಮೀಟರ್. 285/70 ಆರ್17ರದ್ದು 831. ವ್ಯತ್ಯಾಸ ಶೇ. 5.3. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಅಷ್ಟೇ ಪ್ರಮಾಣದಲ್ಲಿ ನೆಲಕ್ಕೆ ಮುಟ್ಟುವ ಬಲ ಕಡಿಮೆಯಾಗುತ್ತದೆ. ಅಂದರೆ ಹೊಸ ಟೈರ್‌ಗಳ ಜೊತೆ ಈ ಗಾಡಿಯ 3.08 ಆಕ್ಸಲ್ ಹಳೆಯ ಟೈರ್‌ಗಳಲ್ಲಿ 2.92 ಇದ್ದಂತೆ ವರ್ತಿಸುತ್ತಿತ್ತು. ಮೊದಲಿದ್ದ ಸ್ಥಿತಿಗೆ ಮರಳುವುದಕ್ಕೇ 3.24 ಬೇಕು. ಸ್ಪೀಡೋಮೀಟರ್ ಕೂಡ ತಪ್ಪು ತೋರಿಸುತ್ತಿತ್ತು. ಅದು 100 ಎಂದಾಗ ಗಾಡಿ ನಿಜಕ್ಕೂ 105ರಲ್ಲಿ ಓಡುತ್ತಿತ್ತು. ಹಳೆಯ ಅಳತೆಯ ಟೈರ್‌ಗಳಿಗೆ ಮರಳುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿಯೆಂದು ನಾನು ಹೇಳಲೇಬೇಕಿತ್ತು, ಹೇಳಿದೆ. ಕೆಲಸದ ಜಾಗಗಳ ಕಚ್ಚಾ ದಾರಿಗೆ ನೆಲದಿಂದ ಎತ್ತರ ಬೇಕು ಎಂಬ ಕಾರಣಕ್ಕೆ ಅವರು ಒಪ್ಪಲಿಲ್ಲ. ಅದು ಸಕಾರಣವೇ.

ಏರಿನ ಲೆಕ್ಕ

ಇನ್ನು ಏರಿನ ಲೆಕ್ಕಕ್ಕೆ ಬರೋಣ. ಶೇ. 6ರ ಏರಿನಲ್ಲಿ 5,400 ಕಿಲೋ ತೂಕವನ್ನು ಹಿಂದಕ್ಕೆ ಎಳೆಯುವ ಗುರುತ್ವದ ಬಲ ಸುಮಾರು 3,170 ನ್ಯೂಟನ್. ಟೈರ್‌ಗಳ ಉರುಳುವಿಕೆಯ ಪ್ರತಿರೋಧ ಸುಮಾರು 580, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಪೆಟ್ಟಿಗೆಯಾಕಾರದ ಟ್ರೈಲರ್ ಸಮೇತ ಗಾಳಿಯ ಪ್ರತಿರೋಧ ಸುಮಾರು 890. ಒಟ್ಟು 4,650 ನ್ಯೂಟನ್ ಎಂದಿಟ್ಟುಕೊಳ್ಳೋಣ. ಹೊರೆ ಬಿದ್ದಾಗ ಟೈರು ತುಸು ಅಪ್ಪಚ್ಚಿಯಾಗುವುದರಿಂದ ಅದರ ಉರುಳುವ ಸುತ್ತಳತೆ 2.53 ಮೀಟರ್, ಉರುಳುವ ತ್ರಿಜ್ಯ 0.403 ಮೀಟರ್. ಗೇರ್ ಬಾಕ್ಸ್‌ನಲ್ಲೂ ಆಕ್ಸಲ್‌ನಲ್ಲೂ ಸೇರಿ ಶೇ. 13ರಷ್ಟು ನಷ್ಟವಾಗುತ್ತದೆಂದು ಹಿಡಿದರೆ, ಎಂಜಿನ್ ಕೊಡುವ ಟಾರ್ಕ್ ಮತ್ತು ಒಟ್ಟು ಅನುಪಾತದ ಗುಣಲಬ್ಧ 2,154 ಆಗಬೇಕು. ಒಟ್ಟು ಅನುಪಾತ ಎಂದರೆ ಗೇರಿನ ಅನುಪಾತವನ್ನು ಆಕ್ಸಲ್ ಅನುಪಾತದಿಂದ ಗುಣಿಸಿದ್ದು.

3.08ರಲ್ಲಿ ಮೂರನೇ ಗೇರಿನ ಒಟ್ಟು ಅನುಪಾತ 4.71. ಹಾಗಾಗಿ ಎಂಜಿನ್ 457 ನ್ಯೂಟನ್ ಮೀಟರ್ ಕೊಡಬೇಕು, ಅದೂ 2,480 ಆರ್‌ಪಿಎಂನಲ್ಲಿ. ಗರಿಷ್ಠ 519 ಸಿಗುವುದು 4100ರಲ್ಲಿ ಎಂಬುದನ್ನು ನೆನೆದರೆ 2,480ರಲ್ಲಿ 470ರ ಆಸುಪಾಸು ಸಿಕ್ಕೀತು. ಅಂದರೆ ಬುಡದಲ್ಲಿ ಪೆಡಲ್ ಪೂರ್ತಿ ಒತ್ತಿದರೆ ಕಷ್ಟಪಟ್ಟು ಸಾಕಾಗುತ್ತದೆ. ಆದರೆ ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ಸುಮಾರು ಶೇ. 10ರಷ್ಟು ಬಲ ಕಳೆದುಕೊಳ್ಳುತ್ತದೆ. ನೆತ್ತಿಯ ಹತ್ತಿರ ಅದೇ ಎಂಜಿನ್‌ನಿಂದ ಸಿಗುವುದು 400 ಮಾತ್ರ. ಎರಡನೇ ಗೇರಿಗೆ ಇಳಿದರೆ ಒಟ್ಟು ಅನುಪಾತ 7.27, ಬೇಕಾದದ್ದು ಬರೀ 296 ನ್ಯೂಟನ್ ಮೀಟರ್, ಆದರೆ 3,830 ಆರ್‌ಪಿಎಂನಲ್ಲಿ. ಅಲ್ಲಿ ಬಲ ಹೇರಳವಾಗಿ ಮಿಕ್ಕುತ್ತದೆ, ಅದನ್ನು ಕಂಡ ಗೇರ್ ಬಾಕ್ಸ್ ಮತ್ತೆ ಮೂರಕ್ಕೆ ಏರುತ್ತದೆ, ಮೂರರಲ್ಲಿ ಬಲ ಸಾಲುವುದಿಲ್ಲ. ಮಾಲೀಕರು ಬಾಯಲ್ಲಿ ಹೇಳಿದ ದೂರನ್ನೇ ಕಾಗದದ ಮೇಲಿನ ಅಂಕಿಗಳೂ ಹೇಳುತ್ತಿದ್ದವು.

ವೇಗ ಇಳಿಸಿದರೆ ಸರಿಹೋಗದೇ ಎಂಬ ಪ್ರಶ್ನೆ ಸಹಜ. ಗಂಟೆಗೆ 64 ಕಿಲೋಮೀಟರ್‌ಗೆ ಇಳಿಸಿದರೆ ಗಾಳಿಯ ಪ್ರತಿರೋಧ ಮಾತ್ರ ತಗ್ಗುತ್ತದೆ, ಗುರುತ್ವ ಒಂದಿಷ್ಟೂ ತಗ್ಗುವುದಿಲ್ಲ. ಮೂರನೇ ಗೇರಿನಲ್ಲಿ ಬೇಕಾದ ಟಾರ್ಕ್ 457ರಿಂದ 425ಕ್ಕೆ ಇಳಿದರೂ ಎಂಜಿನ್ ತಿರುಗುವುದು 1,990 ಆರ್‌ಪಿಎಂಗೆ ಬಿದ್ದಿರುತ್ತದೆ, ಅಲ್ಲಿ ಸಿಗುವ ಟಾರ್ಕೂ ಕಡಿಮೆ. ಎರಡನೇ ಗೇರಿನಲ್ಲೇ ಕೈಯಾರೆ ಹಿಡಿದಿಟ್ಟು ಹತ್ತಿದರೆ ಓಲಾಟ ನಿಲ್ಲುತ್ತದೆ, ಅದನ್ನು ಅಂದೇ ಮಾಡಲು ಹೇಳಿದೆ, ಮಾಡಿದರು, ಎಣ್ಣೆಯ ಬಿಸಿ ತಗ್ಗಿತು. ಆ ಒಂದು ಏರು ಮಾತ್ರ ತೊಂದರೆಯಾಗಿದ್ದರೆ ಪ್ರಕರಣವನ್ನು ಅಲ್ಲಿಗೇ ಮುಗಿಸುತ್ತಿದ್ದೆ.

ಸಮತಟ್ಟಿನಲ್ಲೂ ಗಾಡಿ ಸುಖವಾಗಿರಲಿಲ್ಲ. ಟ್ರೈಲರ್ ಕಟ್ಟಿಕೊಂಡು 90ರಲ್ಲಿ ಹೋಗುವಾಗ ಆರನೇ ಗೇರಿನಲ್ಲಿ ಎಂಜಿನ್ ತಿರುಗಬೇಕಾದದ್ದು 1,220 ಆರ್‌ಪಿಎಂ, ಕೊಡಬೇಕಾದದ್ದು 383 ನ್ಯೂಟನ್ ಮೀಟರ್. ಅದು ಆಗದ ಮಾತು. ಐದನೆಯದರಲ್ಲಿ 1,550ಕ್ಕೆ 302. ಸಣ್ಣ ಉಬ್ಬು ಬಂದರೂ ನಾಲ್ಕಕ್ಕೆ ಇಳಿಯುತ್ತಿತ್ತು. ಆರು ಗೇರ್‌ಗಳ ಗಾಡಿಯಲ್ಲಿ ಮೇಲಿನ ಎರಡು ಗೇರ್‌ಗಳು ಟ್ರೈಲರ್ ಇದ್ದಾಗ ಇದ್ದೂ ಇಲ್ಲದಂತಾಗಿದ್ದವು.

ಏಣಿಯನ್ನು ಎಲ್ಲಿ ನಿಲ್ಲಿಸುವುದು?

ಇಲ್ಲಿ ನನ್ನ ಮುಖ್ಯ ಮಾತು. ಆಕ್ಸಲ್ ಅನುಪಾತ ಎಂಜಿನ್‌ಗೆ ಒಂದು ಅಶ್ವಶಕ್ತಿಯನ್ನೂ ಸೇರಿಸುವುದಿಲ್ಲ. ಗೇರ್‌ಗಳನ್ನು ಏಣಿಯ ಮೆಟ್ಟಿಲುಗಳೆಂದು ಎಣಿಸಿದರೆ, ಆಕ್ಸಲ್ ಇಡೀ ಏಣಿಯನ್ನು ಮೇಲಕ್ಕೋ ಕೆಳಕ್ಕೋ ಸರಿಸುತ್ತದೆ, ಮೆಟ್ಟಿಲುಗಳ ನಡುವಿನ ಅಂತರವನ್ನು ಬದಲಿಸುವುದಿಲ್ಲ. ಆದ್ದರಿಂದ ಕೇಳಬೇಕಾದದ್ದು ದೊಡ್ಡ ನಂಬರ್ ಯಾವುದು ಎಂದಲ್ಲ. ನಮ್ಮ ಕೆಲಸ ಬೇಡುವ ಎತ್ತರದಲ್ಲಿ ಒಂದು ಮೆಟ್ಟಿಲು ಬರುವಂತೆ ಏಣಿಯನ್ನು ಎಲ್ಲಿ ನಿಲ್ಲಿಸಬೇಕು ಎಂದು.

ಈ ಗೇರ್ ಬಾಕ್ಸ್‌ನಲ್ಲಿ ಮೂರು ಮತ್ತು ನಾಲ್ಕರ ನಡುವಿನ ಅಂತರ 1.33 ಪಟ್ಟು, ನಾಲ್ಕು ಮತ್ತು ಐದರ ನಡುವೆ 1.35, ಆದರೆ ಎರಡು ಮತ್ತು ಮೂರರ ನಡುವೆ 1.54. ಏರು ಬೇಡುತ್ತಿದ್ದ ಒಟ್ಟು ಅನುಪಾತ ಸರಿಯಾಗಿ ಆ ಅಗಲವಾದ ಕಂದಕದಲ್ಲಿ, 4.71ಕ್ಕೂ 7.27ಕ್ಕೂ ನಡುವೆ ಬಿದ್ದಿತ್ತು. ಬಲ ಸಾಲದೆ ಇದ್ದದ್ದಲ್ಲ. ಕಾಲಿಡಲು ಮೆಟ್ಟಿಲು ಇರಲಿಲ್ಲ.

ಮಾಲೀಕರು ಬಯಸಿದ 4.10ನ್ನು ಈ ಕಣ್ಣಿನಿಂದ ನೋಡಿದಾಗ ಸ್ವಾರಸ್ಯದ ಸಂಗತಿಯೊಂದು ಕಾಣಿಸಿತು. 4.10ನ್ನು 3.08ರಿಂದ ಭಾಗಿಸಿದರೆ 1.33. ಅಂದರೆ ಏಣಿ ಹೆಚ್ಚುಕಡಿಮೆ ಸರಿಯಾಗಿ ಒಂದು ಮೆಟ್ಟಿಲಿನಷ್ಟು ಸರಿಯುತ್ತದೆ. 4.10ರಲ್ಲಿ ನಾಲ್ಕನೇ ಗೇರಿನ ಒಟ್ಟು ಅನುಪಾತ 4.715, ಹಳೆಯ ಮೂರನೆಯದರದ್ದು 4.712. ಅದು ಹಳೆಯ ಮೂರನೇ ಗೇರೇ, ಹೆಸರು ಮಾತ್ರ ಬೇರೆ. ಐದನೆಯದು 3.49, ಹಳೆಯ ನಾಲ್ಕನೆಯದಾದ 3.54ಕ್ಕೆ ಹತ್ತಿರ, ಆರನೆಯದು 2.75, ಹಳೆಯ ಐದನೆಯದಾದ 2.62ಕ್ಕೆ ಹತ್ತಿರ. ಹೊಸತಾಗಿ ಸಿಗುವುದು ಮೂರನೇ ಗೇರಿನ 6.27. ಅದರಲ್ಲಿ ಏರಿಗೆ 343 ನ್ಯೂಟನ್ ಮೀಟರ್ ಸಾಕು, 3,300 ಆರ್‌ಪಿಎಂನಲ್ಲಿ. ಕೆಲಸ ಆಗುತ್ತದೆ, ಅಲ್ಲಗಳೆಯಲಾರೆ.

3.73ರಲ್ಲಿ ಮೂರನೇ ಗೇರಿನ ಒಟ್ಟು ಅನುಪಾತ 5.71. ಹಳೆಯ 4.71 ಮತ್ತು 7.27ರ ನಡುವಿನ ಗುಣೋತ್ತರ ಮಧ್ಯ 5.85, ಆ ಕಂದಕದ ನಟ್ಟನಡುವೆ ಒಂದು ಮೆಟ್ಟಿಲು ಇಟ್ಟಂತೆ. ಏರಿಗೆ ಬೇಕಾದದ್ದು 377 ನ್ಯೂಟನ್ ಮೀಟರ್, 3,000 ಆರ್‌ಪಿಎಂನಲ್ಲಿ. ಅಲ್ಲಿ ಬುಡದಲ್ಲಿ 490ರ ಸುಮಾರು ಸಿಕ್ಕರೆ, ಎತ್ತರದ ನಷ್ಟ ಶೇ. 15 ಕಳೆದು ನೆತ್ತಿಯಲ್ಲೂ 415 ಉಳಿಯುತ್ತದೆ. ಮೂರನೇ ಗೇರ್ ಬುಡದಿಂದ ನೆತ್ತಿಯವರೆಗೆ ನಿಲ್ಲಬೇಕು. 3.42ರ ಲೆಕ್ಕವನ್ನೂ ಬಿಡಲಿಲ್ಲ: ಬೇಕಾದದ್ದು 412, ಸಿಗುವುದು ಬುಡದಲ್ಲಿ 480, ನೆತ್ತಿಯಲ್ಲಿ 408. ಮುಕ್ಕಾಲು ಏರು ಹತ್ತಿಸಿ ಕೊನೆಯಲ್ಲಿ ಕೈಬಿಡುವ ಅನುಪಾತ ಅದು. ದೊಡ್ಡ ಟೈರ್ ಇಲ್ಲದಿದ್ದರೆ ಅದನ್ನೇ ಆರಿಸುವ ಸಾಧ್ಯತೆ ಇತ್ತು.

3.73ಕ್ಕೂ 4.10ಕ್ಕೂ ನಡುವಿನ ತೀರ್ಪು ಆದದ್ದು ಖಾಲಿ ಓಟದ ಲೆಕ್ಕದಲ್ಲಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಆರನೇ ಗೇರಿನಲ್ಲಿ ಎಂಜಿನ್ 3.08ರಲ್ಲಿ 1,360, 3.73ರಲ್ಲಿ 1,645, 4.10ರಲ್ಲಿ 1,810 ಆರ್‌ಪಿಎಂ ತಿರುಗುತ್ತದೆ. ಆರ್‌ಪಿಎಂ ಕಡಿಮೆಯಿದ್ದಷ್ಟೂ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಎಲ್ಲ ಕಡೆಯೂ ನಿಲ್ಲುವುದಿಲ್ಲ. ಈ ಎಂಜಿನ್‌ನಲ್ಲಿ ಹಗುರ ಹೊರೆ ಇದ್ದಾಗ ನಾಲ್ಕು ಸಿಲಿಂಡರ್‌ಗಳನ್ನು ವಿರಮಿಸಿಡುವ ವ್ಯವಸ್ಥೆ ಇದೆ. ಖಾಲಿ ಗಾಡಿ 100ರಲ್ಲಿ ಸಾಗಲು 3.08ರಲ್ಲಿ ಸುಮಾರು 216 ನ್ಯೂಟನ್ ಮೀಟರ್ ಬೇಕು, ಅರ್ಧ ಎಂಜಿನ್‌ನಿಂದ 1,360 ಆರ್‌ಪಿಎಂನಲ್ಲಿ ಅಷ್ಟು ಹೊರಡುವುದಿಲ್ಲ. ಹಾಗಾಗಿ ಎಂಟೂ ಸಿಲಿಂಡರ್‌ಗಳು ಸದಾ ಎಚ್ಚರವಾಗಿರುತ್ತಿದ್ದವು. 3.73ರಲ್ಲಿ ಬೇಕಾದದ್ದು 178, ಅದನ್ನು ನಾಲ್ಕು ಸಿಲಿಂಡರ್‌ಗಳು ಹೊರಬಲ್ಲವು. 4.10ರಲ್ಲಿ ಅದು 162ಕ್ಕೆ ಇಳಿದರೂ ಅಲ್ಲಿಂದ ಮುಂದೆ ಸಿಗುವ ಲಾಭ ಸಣ್ಣದು. ಪ್ರತಿದಿನ ಕೇಳಬೇಕಾದ ಸದ್ದು ಮಾತ್ರ ಹೆಚ್ಚು. ಟ್ರೈಲರ್ ನಾಲ್ಕು ಟನ್ನಿನದಾಗಿದ್ದರೆ, ಅಥವಾ ಟೈರು 315/70 ಆರ್17 ಆಗಿದ್ದರೆ, ನಾನೇ 4.10 ಎನ್ನುತ್ತಿದ್ದೆ: ಆ ಟೈರಿನ ವ್ಯಾಸ 873 ಮಿಲಿಮೀಟರ್, ಅದರ ಜೊತೆ ಇದೇ ಪರಿಣಾಮ ಪಡೆಯಲು 3.92 ಬೇಕಾಗುತ್ತದೆ.

ಹಳಬರ ಸಲಹೆ ದೊಡ್ಡ ನಂಬರ್ ಕಡೆಗೇ ಏಕೆ ವಾಲುತ್ತಿತ್ತು ಎಂಬುದಕ್ಕೂ ಕಾರಣವಿದೆ. ಒಂದು ಕಾಲದಲ್ಲಿ ಪಿಕಪ್‌ಗಳಲ್ಲಿ ವ್ಯಾಪಕವಾಗಿದ್ದ ನಾಲ್ಕು ವೇಗಗಳ ಆಟೋಮ್ಯಾಟಿಕ್ ಒಂದರ ಅನುಪಾತಗಳು 3.06, 1.63, 1.00, 0.70. ಒಂದು ಮತ್ತು ಎರಡರ ನಡುವೆ 1.88 ಪಟ್ಟಿನ ಅಂತರ. ಅಂಥ ಏಣಿಯಲ್ಲಿ ಬೇಕಾದ ಕಡೆ ಮೆಟ್ಟಿಲು ಸಿಗುವುದು ಅದೃಷ್ಟವೇ. ಏಣಿಯನ್ನು ಬಲದ ಕಡೆಗೆ ಸರಿಸಿಬಿಡುವುದೇ ಕ್ಷೇಮವಾಗಿತ್ತು. ಫೋರ್ಡ್ ಮತ್ತು ಜನರಲ್ ಮೋಟರ್ಸ್ ಜೊತೆಗೂಡಿ ರೂಪಿಸಿ 2017ರ ಮಾದರಿಗಳಿಂದ ಬಳಕೆಗೆ ತಂದ ಹತ್ತು ವೇಗಗಳ ಗೇರ್ ಬಾಕ್ಸ್‌ನಲ್ಲಿ ಮೆಟ್ಟಿಲುಗಳು ಒತ್ತೊತ್ತಾಗಿವೆ. ಅಲ್ಲಿ ಆಕ್ಸಲ್‌ನ ಆಯ್ಕೆಗೆ ಇಷ್ಟು ತೂಕವಿಲ್ಲ. ನಮ್ಮ ಆರು ಗೇರಿನ ಗಾಡಿ ಇವೆರಡರ ನಡುವಿನದು.

ಅನುಪಾತ ಬದಲಿಸಿದ ಮಾತ್ರಕ್ಕೆ ಗಾಡಿಯ ಎಳೆಯುವ ಮಿತಿ ಏರುವುದಿಲ್ಲ ಎಂಬುದನ್ನು ಮಾಲೀಕರಿಗೆ ಬಿಡಿಸಿ ಹೇಳಿದೆ. ತಯಾರಕರ ಪಟ್ಟಿಯಲ್ಲಿ ಒಂದೇ ಗಾಡಿಗೆ ಅನುಪಾತದ ಮೇಲೆ ಬೇರೆ ಬೇರೆ ಮಿತಿ ಇರುವುದು ನಿಜ. ಆದರೆ ಆ ಮಿತಿ ಕೂಲಿಂಗ್, ಬ್ರೇಕ್, ಚಾಸಿಸ್, ಕೊಂಡಿ ಎಲ್ಲವನ್ನೂ ಸೇರಿಸಿ ನಿಗದಿಯಾದದ್ದು. ಎಳೆಯುವ ಮಿತಿ ನಿಗದಿಪಡಿಸಲು ವಾಹನ ಎಂಜಿನಿಯರ್‌ಗಳ ಸಂಘವಾದ ಎಸ್‌ಎಇ 2008ರಲ್ಲಿ ಪ್ರಕಟಿಸಿದ ಜೆ2807 ಮಾನದಂಡದ ಪರೀಕ್ಷೆಯಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಡೇವಿಸ್ ಡ್ಯಾಮ್ ಬಳಿಯ ಸುಮಾರು 18 ಕಿಲೋಮೀಟರ್ ಏರನ್ನು ಬಿಸಿಲಿನಲ್ಲಿ, ಎಸಿ ಹಾಕಿಕೊಂಡೇ, ಗಂಟೆಗೆ 64 ಕಿಲೋಮೀಟರ್‌ಗಿಂತ ಕೆಳಗಿಳಿಯದೆ ಹತ್ತಬೇಕು; ಹಿಂದೆ ಜೋಡಿ ಚಕ್ರಗಳಿರುವ ಗಾಡಿಗೆ ತುಸು ವಿನಾಯಿತಿ ಇದೆ. ಆಮೇಲೆ ಹಾಕಿಸಿದ ಗೇರ್ ಜೋಡಿ ಆ ಪರೀಕ್ಷೆಯನ್ನು ದಾಟಿ ಬಂದದ್ದಲ್ಲ. ಅದೃಷ್ಟವಶಾತ್ ಇವರ 2,600 ಕಿಲೋ ಟ್ರೈಲರ್ 3.08ರ ಮಿತಿಯೊಳಗೇ ಇತ್ತು.

ಹೌಸಿಂಗ್ ಬಿಚ್ಚಿದ ಮೇಲೆ

ನಾಲ್ಕು ಚಕ್ರದ ಚಾಲನೆಯ ಗಾಡಿಯಲ್ಲಿ ಹಿಂದಿನದನ್ನು ಬದಲಿಸಿದರೆ ಮುಂದಿನದನ್ನೂ ಬದಲಿಸಲೇಬೇಕು. ಇಲ್ಲವಾದರೆ ಫೋರ್ ವೀಲ್ ಹಾಕಿದ ಕ್ಷಣ ಎರಡು ಆಕ್ಸಲ್‌ಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಹೆಣಗಾಡಿ ಎರಡಕ್ಕೂ ಚಾಲನೆ ಹಂಚುವ ಟ್ರಾನ್ಸ್‌ಫರ್ ಕೇಸ್ ಒಡೆಯಬಹುದು. ಕ್ರೌನ್ ವೀಲ್ ಕೂರುವ ಕ್ಯಾರಿಯರ್ ಹೊಸ ಅನುಪಾತಕ್ಕೆ ಹೊಂದುತ್ತದೆಯೇ ಎಂಬುದನ್ನೂ ಮೊದಲೇ ನೋಡಬೇಕು. ಉದಾಹರಣೆಗೆ, ಡಾನಾ 44 ಎಂಬ ಆಕ್ಸಲ್ ಮಾದರಿಯಲ್ಲಿ 3.73ರವರೆಗೆ ಒಂದು ಕ್ಯಾರಿಯರ್, 3.92ರಿಂದ ಮೇಲೆ ಇನ್ನೊಂದು. ಈ ಗಾಡಿಯಲ್ಲಿ ಇದ್ದ ಕ್ಯಾರಿಯರೇ ಸಾಕಾಯಿತು.

ಹಿಂದಿನ ಆಕ್ಸಲ್‌ನ ಜೋಡಣೆಗೆ ನಾನು ಅಂದುಕೊಂಡದ್ದಕ್ಕಿಂತ ಒಂದು ದಿನ ಹೆಚ್ಚು ಹಿಡಿಯಿತು. ಹೊಸ ಬೇರಿಂಗ್‌ಗಳನ್ನು ಹಾಕಿ, ಹಳೆಯ ಪಿನಿಯನ್‌ನ ಶಿಮ್ (ಅಂತರ ಹೊಂದಿಸುವ ತೆಳುವಾದ ಬಿಲ್ಲೆ) ದಪ್ಪವನ್ನೇ ಆರಂಭಕ್ಕೆ ಇಟ್ಟುಕೊಂಡು ಕೂರಿಸಿ, ಕ್ರೌನ್ ವೀಲ್‌ನ ನಾಲ್ಕೈದು ಹಲ್ಲುಗಳಿಗೆ ಹಳದಿ ಗುರುತಿನ ಲೇಪ ಹಚ್ಚಿ, ಒತ್ತು ಕೊಟ್ಟು ತಿರುಗಿಸಿದೆ. ಲೇಪ ಒರೆಸಿಹೋದ ಜಾಗ ಹಲ್ಲಿನ ನಡುವೆ ಅಂಡಾಕಾರವಾಗಿ ಕಾಣಬೇಕು. ಅದು ಹಲ್ಲಿನ ಬುಡಕ್ಕೆ ಅಂಟಿಕೊಂಡು ತೆಳ್ಳಗೆ ಬಿದ್ದಿತ್ತು. ಪಿನಿಯನ್ ಕ್ರೌನ್ ವೀಲ್‌ಗೆ ತೀರ ಹತ್ತಿರವಾಗಿದೆ ಎಂದರ್ಥ. ಬೇರಿಂಗನ್ನು ಪುನಃ ಪ್ರೆಸ್‌ನಲ್ಲಿ ಕಿತ್ತು, 0.08 ಮಿಲಿಮೀಟರ್ ಶಿಮ್ ಕಡಿಮೆ ಮಾಡಿ, ಮತ್ತೆ ಕೂರಿಸಿದಾಗ ಗುರುತು ಹಲ್ಲಿನ ನಡುವಿಗೆ ಬಂತು. ಒಂದು ಕೂದಲೆಳೆಯ ದಪ್ಪದ ಈ ವ್ಯತ್ಯಾಸವನ್ನು ಬಿಟ್ಟುಬಿಟ್ಟಿದ್ದರೆ ಗಾಡಿ ಓಡುತ್ತಿತ್ತು, ಕೆಲವು ಸಾವಿರ ಕಿಲೋಮೀಟರ್ ಆದ ಮೇಲೆ ಊಳಿಡುತ್ತಿತ್ತು. ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲ, 0.20 ಮಿಲಿಮೀಟರ್‌ಗೆ ನಿಂತಿತು. ಪಿನಿಯನ್ ನಟ್ ಬಿಗಿಯುವಾಗ ಕುಗ್ಗುವ ಸ್ಲೀವ್ ಒಂದೇ ಬಳಕೆಯದು. ಅಂತಿಮ ಜೋಡಣೆಗೆ ಹೊಸತನ್ನೇ ಹಾಕಿದೆ. ಹೆಚ್ಚು ಬಿಗಿಯಾಯಿತೆಂದು ನಟ್ ಸಡಿಲಿಸಿ ಸರಿಮಾಡುವ ಅಭ್ಯಾಸ ಕೆಲವರಲ್ಲಿದೆ; ಅದು ಸಲ್ಲದು.

ನಂತರ ಗಾಡಿಯ ಕಂಪ್ಯೂಟರ್‌ಗೆ ಹೊಸ ಅನುಪಾತವನ್ನೂ ಟೈರಿನ ಅಳತೆಯನ್ನೂ ತಿಳಿಸಲಾಯಿತು. ಹಳೆಯ ಲೆಕ್ಕವನ್ನೇ ಬಿಟ್ಟಿದ್ದರೆ ನಿಜವಾದ 100ಕ್ಕೆ ಸ್ಪೀಡೋಮೀಟರ್ 115 ತೋರಿಸುತ್ತಿತ್ತು, ಗೇರ್ ಬದಲಾಗುವ ಸಮಯವೂ ಕೆಡುತ್ತಿತ್ತು. ಮೊದಲು ಇಪ್ಪತ್ತೈದು ಕಿಲೋಮೀಟರ್ ನಿಧಾನವಾಗಿ ಓಡಿಸಿ ಪೂರ್ತಿ ತಣ್ಣಗಾಗಲು ಬಿಡುವುದು, ಹೀಗೆ ಕೆಲವು ಸಲ ಮಾಡುವುದು, 800 ಕಿಲೋಮೀಟರ್ ಆಗುವವರೆಗೆ ಟ್ರೈಲರ್ ಕಟ್ಟದಿರುವುದು, ಆಮೇಲೆ ಎಣ್ಣೆ ಬದಲಿಸುವುದು ಎಂದು ಹೇಳಿ ಕಳಿಸಿದೆ. ಹೊಸ ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಹುಟ್ಟುವ ಬಿಸಿಯೇ ಅವನ್ನು ಕೆಡಿಸಬಲ್ಲದು.

ಮೂರನೇ ದಿನವೇ ಅವರು ಮರಳಿ ಬಂದರು. 110ರಲ್ಲಿ ಕಾಲಡಿ ನಡುಕ, ಗೇರ್ ಜೋಡಣೆ ಕೆಟ್ಟಿದೆ ಎಂಬ ಆತಂಕ. ಮುಚ್ಚಳ ಬಿಚ್ಚುವ ಮೊದಲು ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ಅಲುಗಿಸಿದೆ. ಶಾಫ್ಟನ್ನು ಆಕ್ಸಲ್‌ಗೆ ಸೇರಿಸುವ ಬಾಗುವ ಕೀಲಾದ ಹಿಂದಿನ ಯೂನಿವರ್ಸಲ್ ಜಾಯಿಂಟ್‌ನ ಕ್ರಾಸ್‌ನಲ್ಲಿ ಸಡಿಲ ಇತ್ತು. ಅನುಪಾತ ಏರಿದ್ದರಿಂದ ಅದೇ ವೇಗಕ್ಕೆ ಶಾಫ್ಟ್ ಶೇ. 21ರಷ್ಟು ಹೆಚ್ಚು ತಿರುಗುತ್ತಿತ್ತು: 110ರಲ್ಲಿ 2,700 ಆರ್‌ಪಿಎಂ. ಹಳೆಯ ಅನುಪಾತದಲ್ಲಿ ಶಾಫ್ಟ್ ಅಷ್ಟು ತಿರುಗಬೇಕಿದ್ದರೆ ಗಾಡಿ 133ರಲ್ಲಿ ಓಡಬೇಕಿತ್ತು, ಅವರು ಆ ವೇಗಕ್ಕೆ ಹೋದವರಲ್ಲ. ಸವೆದ ಕ್ರಾಸ್ ಮೊದಲೇ ಇತ್ತು, ಈಗ ಬಯಲಿಗೆ ಬಂತು. ಕೆಲಸ ಒಪ್ಪಿಸುವ ಮೊದಲು ನಾನೇ ಇದನ್ನು ನೋಡಬೇಕಿತ್ತು. ಕ್ರಾಸ್ ಬದಲಿಸಿದ ಮೇಲೆ ನಡುಕ ನಿಂತಿತು.

800 ಕಿಲೋಮೀಟರ್ ಮುಗಿಸಿ ಎಣ್ಣೆ ಬದಲಿಸುವಾಗ ಮುಚ್ಚಳದೊಳಗಿನ ಆಯಸ್ಕಾಂತದ ಮೇಲೆ ಬೂದುಬಣ್ಣದ ನುಣುಪಾದ ಕೆಸರು ಮಾತ್ರ ಇತ್ತು. ಬೆರಳಿನಿಂದ ಉಜ್ಜಿದರೆ ಚೂರುಗಳು ತಾಕಲಿಲ್ಲ. ಮರುವಾರ ಟ್ರೈಲರ್ ಕಟ್ಟಿಕೊಂಡು ಅದೇ ಏರಿಗೆ ಒಟ್ಟಿಗೆ ಹೋದೆವು. 80ರಲ್ಲಿ ಟ್ಯಾಕೋಮೀಟರ್ ಮುಳ್ಳು ಮೂರು ಸಾವಿರದ ಗೆರೆಯ ಮೇಲೆ ನಿಂತಿತು, ಬುಡದಿಂದ ನೆತ್ತಿಯವರೆಗೆ ಗೇರ್ ಒಮ್ಮೆಯೂ ಬದಲಾಗಲಿಲ್ಲ, ಕನ್ವರ್ಟರ್‌ನ ಲಾಕ್ ಬಿಡಲಿಲ್ಲ, ಎಣ್ಣೆ 99 ಡಿಗ್ರಿಯಲ್ಲೇ ಉಳಿಯಿತು. ಅಷ್ಟೇ ಎಳೆತಕ್ಕೆ ಗೇರ್ ಬಾಕ್ಸ್‌ನ ಹೊರಶಾಫ್ಟ್ ಕೊಡಬೇಕಾದ ಟಾರ್ಕ್ ಹಿಂದಿಗಿಂತ ಶೇ. 17ರಷ್ಟು ಕಡಿಮೆ, ಗೇರ್ ಬಾಕ್ಸ್‌ನ ಆಯಸ್ಸಿನ ಮಟ್ಟಿಗೆ ಇದೇ ದೊಡ್ಡ ಲಾಭವೆಂದು ನನ್ನ ಎಣಿಕೆ. ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಹೆಚ್ಚಿದ್ದರಿಂದ ಬ್ರೇಕಿನ ಮೇಲೆ ಕಾಲಿಡುವುದು ತಗ್ಗಿತು. ಸಮತಟ್ಟಿನಲ್ಲಿ ಟ್ರೈಲರ್ ಸಮೇತ 90ಕ್ಕೆ ಐದನೇ ಗೇರ್ 1,880 ಆರ್‌ಪಿಎಂನಲ್ಲಿ ನೆಮ್ಮದಿಯಾಗಿ ನಿಂತಿತ್ತು.

ಹಿಂತಿರುಗಿ ಬಂದ ಮೇಲೆ ತಗಡಿನ ಚಿಕ್ಕ ತುಂಡೊಂದರ ಮೇಲೆ 41/11, 3.73 ಎಂದು ಕೊರೆದು, ಹಳೆಯ ಬಿಲ್ಲೆ ಇರಬೇಕಾಗಿದ್ದ ಬೋಲ್ಟಿಗೇ ಅದನ್ನು ಸಿಕ್ಕಿಸಿ ಬಿಗಿದೆ. ಮಾಲೀಕರು ಕೆಳಗೆ ಬಗ್ಗಿ, ಅದನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ, ಟ್ರೈಲರ್ ಕೊಂಡಿ ಬಿಚ್ಚಲು ಹೋದರು.